ಮರ ಗುರುತಿಸಲು ಒಂಟಿ ಎಲೆ ಸಾಲದು
ಕಾಫಿ ತೋಟದ ನೆರಳು ಮರಗಳ ಹೆಸರು ತಿಳಿಯಲು ಪ್ಲಾಂಟ್‌ನೆಟ್ ಆ್ಯಪ್ ಬಳಸುವವರು ದಯವಿಟ್ಟು ಗಮನಿಸಿ. ಬೀಟೆ, ಹೊನ್ನೆ ಎರಡರದ್ದೂ ಸಂಯುಕ್ತ ಎಲೆ, ಅಂದರೆ ಒಂದೇ ತೊಟ್ಟಿನಲ್ಲಿ ಹಲವು ಕಿರುಎಲೆಗಳಿರುವ ಎಲೆ. ಒಂದು ಕಿರುಎಲೆಯನ್ನಷ್ಟೇ ಕಿತ್ತು ಫೋಟೊ ತೆಗೆದರೆ ಆ್ಯಪ್ ಏನೇನೋ ಹೆಸರು ಹೇಳಬಹುದು. ತೊಟ್ಟಿನಿಂದ ತುದಿಯವರೆಗೆ ಇಡೀ ಎಲೆಯನ್ನು ಬಿಳಿ ಹಾಳೆಯ ಮೇಲಿಟ್ಟು, ಮೇಲ್ಮೈ ಮತ್ತು ಬೆನ್ನು ಎರಡನ್ನೂ ತೆಗೆಯಿರಿ. ಕಾಯಿ ಸಿಕ್ಕರಂತೂ ಬಿಡಲೇಬೇಡಿ: ಹೊನ್ನೆಯದು ಸುತ್ತಲೂ ರೆಕ್ಕೆಯಿರುವ ದುಂಡು ಕಾಯಿ, ಬೀಟೆಯದು ಚಪ್ಪಟೆಯಾಗಿ ಉದ್ದಕ್ಕಿರುತ್ತದೆ. ಕಾಂಡಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ ಚಿತ್ರದೊಳಗೆ ಬರದಿರಲಿ. ತೋಟದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಮನೆಗೆ ಬಂದು ಹಾಕಿದರೂ ಆದೀತು. ಆದರೆ ಆ್ಯಪ್ ಹೇಳಿದ ಹೆಸರನ್ನೇ ನಂಬಿ ಯಾವ ಮರಕ್ಕೂ ಕೊಡಲಿ ಎತ್ತಬೇಡಿ. ಬೀಟೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು.