ಹನ್ನೊಂದನೆಯ ತರಗತಿಗೆ ಗಣಿತವೋ, ಎಸ್‌ಪಿಯೋ: ಟ್ಯೂಷನ್ ಶಿಕ್ಷಕಿಯಾಗಿ ನನ್ನ ಅನುಭವ

ಮಹಾರಾಷ್ಟ್ರದಲ್ಲಿ, ಮುಂಬೈ ಬಳಿಯ ಡೊಂಬಿವಲಿಯಲ್ಲಿ ಕನ್ನಡಿಗರ ಮಕ್ಕಳಿಗೆ ಗಣಿತ ಹೇಳಿಕೊಡುವ ನನ್ನ ಬಳಿಗೆ, ಎಸ್‌ಎಸ್‌ಸಿ (ಹತ್ತನೆಯ ತರಗತಿಯ ಬೋರ್ಡ್ ಪರೀಕ್ಷೆ) ಫಲಿತಾಂಶ ಬಂದೊಡನೆ ತಂದೆತಾಯಿಯರು ಹೊತ್ತು ತರುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಗಣಿತದಲ್ಲಿ ಹೇಗೋ ಪಾಸಾದ ಮಗು ಕಾಮರ್ಸ್ ಸೇರಿದರೆ ಗಣಿತ ತೆಗೆದುಕೊಳ್ಳಬೇಕೋ, ಅಥವಾ ಅದರ ಬದಲು ಎಸ್‌ಪಿ, ಅಂದರೆ ಕಂಪನಿ ಕಾರ್ಯದರ್ಶಿಯ ಕೆಲಸಗಳನ್ನು ಕಲಿಸುವ ಸೆಕ್ರೆಟೇರಿಯಲ್ ಪ್ರ್ಯಾಕ್ಟಿಸ್ ಸಾಕೋ?

ಅಂಥ ಒಬ್ಬ ಹುಡುಗಿಯ ತಾಯಿ, "ಟೀಚರ್, ಗಣಿತವೆಂದರೆ ಅಳುತ್ತಾಳೆ, ಎಸ್‌ಪಿಯನ್ನೇ ಕೊಡಿಸಿಬಿಡೋಣ" ಎಂದರು. ಹುಡುಗಿಗೆ ಸಿಎ ಮಾಡುವ ಆಸೆಯಿತ್ತು. ಸಿಎ ಓದಿನ ಮೊದಲ ಹಂತದ ಪರೀಕ್ಷೆಯಾದ ಫೌಂಡೇಶನ್ನಿನ ಮೂರನೆಯ ಪತ್ರಿಕೆಯಲ್ಲಿ ವ್ಯವಹಾರ ಗಣಿತ, ತಾರ್ಕಿಕ ವಿವೇಚನೆ, ಸಂಖ್ಯಾಶಾಸ್ತ್ರ ಮೂರೂ ಇರುವುದರಿಂದ, ಎಸ್‌ಪಿ ತೆಗೆದುಕೊಂಡವರೂ ಗಣಿತವನ್ನು ಎದುರಿಸಲೇಬೇಕು. ಅದೂ ಎರಡು ವರ್ಷ ಅಭ್ಯಾಸ ತಪ್ಪಿದ ಮೇಲೆ.

ಆದರೂ ಆಸೆಯೊಂದನ್ನೇ ನೋಡಿ ನಾನು ಸಲಹೆ ಕೊಡುವುದಿಲ್ಲ. ರಾಜ್ಯ ಮಂಡಳಿಯ ಹತ್ತನೆಯ ತರಗತಿಯಲ್ಲಿ ಬೀಜಗಣಿತಕ್ಕೆ 40, ರೇಖಾಗಣಿತಕ್ಕೆ 40, ಆಂತರಿಕ ಮೌಲ್ಯಮಾಪನಕ್ಕೆ 20 ಅಂಕಗಳಿರುವಾಗ, ಒಟ್ಟು ಅಂಕ ನೋಡಿದರೆ ಮಗು ಎಲ್ಲಿ ಎಡವಿತೆಂಬುದು ತಿಳಿಯುವುದಿಲ್ಲ. ಆದ್ದರಿಂದ ಬೋರ್ಡ್ ಪರೀಕ್ಷೆಗೆ ಮೊದಲು ಶಾಲೆಯೇ ನಡೆಸುವ ಪ್ರಿಲಿಮ್ ಪರೀಕ್ಷೆಯ ಅವಳ ಉತ್ತರಪತ್ರಿಕೆಗಳನ್ನು ತರಿಸಿ ಸಾಲುಸಾಲಾಗಿ ಓದಿದೆ. ರೇಖಾಗಣಿತ ಚೆನ್ನಾಗಿತ್ತು. ಬೀಜಗಣಿತದಲ್ಲೂ ಮಾತಿನ ಲೆಕ್ಕಗಳಿಗೆ ಸಮೀಕರಣವನ್ನು ಸರಿಯಾಗಿಯೇ ಬರೆದಿದ್ದಳು. ಆವರಣ ಬಿಡಿಸುವಾಗ ಋಣಚಿಹ್ನೆ ಬಿಟ್ಟುಹೋಗುತ್ತಿತ್ತು, ಛೇದ ಬೇರೆಯಾದ ಭಿನ್ನರಾಶಿಗಳನ್ನು ಕೂಡಿಸುವಾಗ ಕೈ ತಡೆಯುತ್ತಿತ್ತು. ಇದು ಏಳನೆಯ, ಎಂಟನೆಯ ತರಗತಿಗಳಲ್ಲಿ ಉಳಿದುಹೋದ ಕೊರತೆ. ಇದನ್ನು ಬುದ್ಧಿಯ ಕೊರತೆಯೆಂದು ಕರೆಯುವುದು ಮಗುವಿಗೆ ಮಾಡುವ ಅನ್ಯಾಯ.

ಕಾಲೇಜು ಆರಂಭವಾಗುವವರೆಗೆ ಗಡಿಯಾರ ನೋಡದೆ, ಸಣ್ಣ ಸಂಖ್ಯೆಗಳಲ್ಲಿ ಇವೆರಡನ್ನೇ ಮಾಡಿಸಿದೆ. ಆಮೇಲೆ ಹನ್ನೆರಡನೆಯ ತರಗತಿಯ ಕಾಮರ್ಸ್ ಗಣಿತದ ಎರಡೂ ಪುಸ್ತಕಗಳನ್ನು ಅವಳ ಮುಂದೆ ತೆರೆದಿಟ್ಟೆ. ಎರಡನೆಯ ಭಾಗದ ಕಮಿಷನ್, ದಲ್ಲಾಳಿ, ವಿಮೆ, ಸೂಚ್ಯಂಕಗಳ ಪಾಠಗಳಿಗೆ ಶೇಕಡಾ ಲೆಕ್ಕ ಗಟ್ಟಿಯಾಗಿದ್ದರೆ ಬಹಳಷ್ಟು ದಾರಿ ಸುಗಮ. ಮೊದಲ ಭಾಗದ ಅವಕಲನ (ಡಿಫರೆನ್ಷಿಯೇಶನ್), ಅನುಕಲನಗಳು (ಇಂಟಿಗ್ರೇಶನ್) ಮಾತ್ರ ಬೀಜಗಣಿತದ ಮೇಲೆಯೇ ನಿಂತಿವೆ. ಓದಬೇಕಾದದ್ದನ್ನು ಕಣ್ಣಾರೆ ಕಂಡ ಮೇಲೆ ಗಣಿತವನ್ನು ಅವಳೇ ಆರಿಸಿಕೊಂಡಳು. ವಿಷಯ ಬದಲಿಸಲು ಕೊನೆಯ ದಿನ ಯಾವುದೆಂದು ಕಾಲೇಜಿನಲ್ಲಿ ಮೊದಲೇ ಕೇಳಿಟ್ಟುಕೊಳ್ಳಲು ತಾಯಿಗೆ ಹೇಳಿದೆ.

ಹೆಚ್ಚುಕಡಿಮೆ ಅಷ್ಟೇ ಅಂಕ ಪಡೆದ ಇನ್ನೊಬ್ಬ ಹುಡುಗನಿಗೆ ನಾನು ಎಸ್‌ಪಿಯನ್ನೇ ಹೇಳಿದೆ. ಅವನ ಮನಸ್ಸು ಹೋಟೆಲ್ ಮ್ಯಾನೇಜ್‌ಮೆಂಟಿನಲ್ಲಿತ್ತು, ಬುಕ್ ಕೀಪಿಂಗ್‌ಗೇ ಅವನಿಗೆ ಹೆಚ್ಚು ಸಮಯ ಬೇಕಾಗಿತ್ತು.

ಸಿಬಿಎಸ್‌ಇ ಮಕ್ಕಳ ವಿಷಯ ಬೇರೆ. ಅಲ್ಲಿ 2020ರ ಪರೀಕ್ಷೆಯಿಂದ ಹತ್ತನೆಯ ತರಗತಿಗೆ ಬೇಸಿಕ್, ಸ್ಟ್ಯಾಂಡರ್ಡ್ ಎಂಬ ಎರಡು ಗಣಿತಗಳಿವೆ. ಪಠ್ಯಕ್ರಮ ಒಂದೇ, ತರಗತಿಯ ಪಾಠವೂ ಒಂದೇ, ಬೇರೆಯಾಗುವುದು ಬೋರ್ಡಿನ ಪ್ರಶ್ನೆಪತ್ರಿಕೆಯ ಮಟ್ಟ. ಬೇಸಿಕ್ ಬರೆದವರಿಗೂ ಮುಂದೆ ಹನ್ನೊಂದನೆಯ ತರಗತಿಯಲ್ಲಿ ಅಪ್ಲೈಡ್ ಮ್ಯಾಥಮೆಟಿಕ್ಸ್ (ಅನ್ವಯಿಕ ಗಣಿತ) ತೆರೆದಿರುವುದರಿಂದ, ಕಾಮರ್ಸಿನತ್ತ ಹೊರಟ ಮಗು ಬೇಸಿಕ್ ಆರಿಸಿದರೆ ತಂದೆತಾಯಿ ಅದನ್ನು ಅವಮಾನವೆಂದು ತಿಳಿಯಬಾರದು. ಎಂಜಿನಿಯರಿಂಗ್ ಬಯಸುವವರಿಗೆ ಮಾತ್ರ ನಾನು ಸ್ಟ್ಯಾಂಡರ್ಡನ್ನೇ ಹೇಳುತ್ತೇನೆ, ಮತ್ತು ಆ ತಯಾರಿಯನ್ನು ಒಂಬತ್ತನೆಯ ತರಗತಿಯಲ್ಲಿಯೇ ಶುರುಮಾಡಿಸುತ್ತೇನೆ.