ಮತ್ತೆ ಓದಬೇಕು, ಆದರೆ ಸಿಬಿಲ್ ಕೆಟ್ಟಿದೆ: ಎಲ್ಲಿಂದ ಶುರು ಮಾಡಬೇಕು?

ಪಿಯುಸಿ ಮುಗಿಸಿ ನೇರವಾಗಿ ಡಿಗ್ರಿಗೆ ಸೇರುವ ಹುಡುಗ ಶಿಕ್ಷಣ ಸಾಲ ಕೇಳಿದರೆ ಬ್ಯಾಂಕಿನವರು ಮುಖ್ಯವಾಗಿ ನೋಡುವುದು ಅಪ್ಪ-ಅಮ್ಮನ ಲೆಕ್ಕವನ್ನು. ಅವನ ಹೆಸರಿನಲ್ಲಿ ಇನ್ನೂ ಏನೂ ಇರುವುದಿಲ್ಲ. ಐದಾರು ವರ್ಷ ಕೆಲಸ ಮಾಡಿ, ಈಗ ಎಂಬಿಎ, ಎಂಸಿಎ, ಎಂ.ಟೆಕ್ ಮಾಡೋಣ ಎಂದು ಹೊರಟವರದ್ದು ಹಾಗಲ್ಲ. ಅಷ್ಟರಲ್ಲಿ ಒಂದು ಬೈಕ್ ಲೋನ್, ಒಂದೆರಡು ಕ್ರೆಡಿಟ್ ಕಾರ್ಡ್, ಮೊಬೈಲಿನ ಇಎಂಐ, ಕೈ ಕಟ್ಟಿದಾಗ ತೆಗೆದ ಆ್ಯಪ್ ಸಾಲ ಎಲ್ಲವೂ ಬಂದು ಹೋಗಿರುತ್ತವೆ. ಎಲ್ಲೋ ನಾಲ್ಕು ಕಂತು ತಪ್ಪಿರುತ್ತದೆ. ಅದೆಲ್ಲ ಸಿಬಿಲ್‌ನಲ್ಲಿ, ಅಂದರೆ ನಮ್ಮ ಸಾಲದ ದಾಖಲೆಯಲ್ಲಿ ಕೂತಿರುತ್ತದೆ. ಅದು ನೆನಪಾಗುವುದು ಸೀಟು ಸಿಕ್ಕು, ಶುಲ್ಕ ಕಟ್ಟಲು ಹತ್ತು ದಿನ ಇರುವಾಗ.

ಆದ್ದರಿಂದ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಕಾಲೇಜು ಸೇರುವ ತಿಂಗಳು ಯಾವುದು ಎಂದು ಗುರುತು ಮಾಡಿ, ಅಲ್ಲಿಂದ ಒಂದು ವರ್ಷ ಹಿಂದಕ್ಕೆ ಬನ್ನಿ. ಪಿಜಿಸಿಇಟಿ ಪ್ರವೇಶ ಪರೀಕ್ಷೆಗೆ ಓದಲು ಕೂರುವ ದಿನವೇ ಸಿಬಿಲ್ ಕೆಲಸವೂ ಶುರುವಾಗಲಿ. ಆರು ತಿಂಗಳಿಗಿಂತ ಕಡಿಮೆ ಸಮಯ ಇದ್ದರೆ ತಪ್ಪುಗಳನ್ನು ಸರಿಪಡಿಸಬಹುದು, ಬಾಕಿ ತೀರಿಸಬಹುದು. ಆದರೆ ಸ್ಕೋರ್ ಏರುವುದನ್ನು ಜಾಸ್ತಿ ನಿರೀಕ್ಷಿಸಬೇಡಿ.

ಮೊದಲ ಹೆಜ್ಜೆ: ವರದಿ ತರಿಸಿ, ಅಂಕಿ ಬಿಟ್ಟು ಸಾಲು ಓದಿ

ನಾವೆಲ್ಲ ಸಿಬಿಲ್ ಎಂದೇ ಕರೆಯುತ್ತೇವೆ. ಆದರೆ ಸಾಲದ ದಾಖಲೆ ಇಟ್ಟು ಸ್ಕೋರ್ ಕೊಡುವ ಕಂಪನಿಗಳು ದೇಶದಲ್ಲಿ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆಯಾಗಿ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ನಾಲ್ಕಕ್ಕೂ ಹೇಳಿದೆ. ಅವರದೇ ವೆಬ್‌ಸೈಟಿಗೆ ಹೋಗಿ, ಪ್ಯಾನ್ ನಂಬರ್ ಕೊಟ್ಟು ತೆಗೆದುಕೊಳ್ಳಿ. ನಾಲ್ಕನ್ನೂ ತೆಗೆಯಿರಿ. ಒಂದರಲ್ಲಿ ಕಾಣದ ಸಾಲ ಇನ್ನೊಂದರಲ್ಲಿ ಕಾಣಬಹುದು. ನಿಮ್ಮ ವರದಿಯನ್ನು ನೀವೇ ನೋಡಿದರೆ ಸ್ಕೋರ್ ಇಳಿಯುತ್ತದೆ ಎಂಬುದು ಸುಳ್ಳು.

ಸ್ಕೋರ್ 300ರಿಂದ 900ರ ನಡುವೆ ಇರುತ್ತದೆ. ಎಲ್ಲರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಅದನ್ನು ಸ್ವಲ್ಪ ಹೊತ್ತು ಮರೆತು ಕೆಳಗೆ ಬನ್ನಿ. ಪ್ರತಿ ಸಾಲದ ಎದುರು ತಿಂಗಳುವಾರು ಚೌಕಗಳಿರುತ್ತವೆ. ಸುಮಾರು 36 ತಿಂಗಳ ದಾಖಲೆ ಅದು. ಸಿಬಿಲ್ ವರದಿಯ ಚೌಕದಲ್ಲಿ 000 ಇದ್ದರೆ ಬಾಕಿ ಇರಲಿಲ್ಲ ಎಂದರ್ಥ. 30, 60 ಎಂದಿದ್ದರೆ ಅಷ್ಟು ದಿನ ತಡ. 90 ದಿನ ದಾಟಿದರೆ ಬ್ಯಾಂಕಿನ ಲೆಕ್ಕದಲ್ಲಿ ಅದು ಎನ್‌ಪಿಎ, ಅಂದರೆ ಕೆಟ್ಟ ಸಾಲ. ಅದರ ಜೊತೆ ಸಾಲದ ಸ್ಥಿತಿ ಏನು ಎಂಬ ಸಾಲೂ ಇರುತ್ತದೆ: ಚಾಲ್ತಿ, ಕ್ಲೋಸ್ಡ್ (ಪೂರ್ತಿ ತೀರಿದ್ದು), ಸೆಟಲ್ಡ್ (ಕಡಿಮೆ ಕೊಟ್ಟು ಮುಗಿಸಿದ್ದು), ರಿಟನ್ ಆಫ್ (ವಸೂಲಾಗದು ಎಂದು ಬ್ಯಾಂಕ್ ಲೆಕ್ಕದಿಂದ ತೆಗೆದದ್ದು). ಮ್ಯಾನೇಜರ್ ಕಣ್ಣು ನಿಲ್ಲುವುದು ಇಲ್ಲಿ. 720 ಸ್ಕೋರ್ ಇದ್ದು ಒಂದು ರಿಟನ್ ಆಫ್ ಇದ್ದರೆ ಪ್ರಶ್ನೆ ಬರುತ್ತದೆ. 690 ಇದ್ದು ಎಲ್ಲ ಸಾಲವೂ ಕ್ಲೋಸ್ಡ್ ಆಗಿದ್ದರೆ ಮಾತಾಡಲು ಜಾಗ ಇರುತ್ತದೆ.

ಇನ್ನೊಂದು ವಿಷಯ ನಮ್ಮ ಕಡೆ ಜಾಸ್ತಿ. ಗೆಳೆಯನ ಸಾಲಕ್ಕೋ ಭಾವನ ಟ್ರ್ಯಾಕ್ಟರ್ ಲೋನಿಗೋ ಜಾಮೀನು ಹಾಕಿರುತ್ತೀರಿ. ಆ ಸಾಲ ನಿಮ್ಮ ವರದಿಯಲ್ಲೂ ಬರುತ್ತದೆ. ಅವರು ಕಂತು ತಪ್ಪಿಸಿದರೆ ಏಟು ನಿಮಗೂ ಬೀಳುತ್ತದೆ. ‘ಸುಮ್ನೆ ಒಂದು ಸೈನ್ ಅಷ್ಟೇ’ ಎಂದಿದ್ದವರನ್ನು ಈಗ ಹೋಗಿ ಮಾತಾಡಿಸಿ.

ಎರಡನೇ ಹೆಜ್ಜೆ: ನಿಮ್ಮದಲ್ಲದ ತಪ್ಪನ್ನು ತೆಗೆಸಿ

ತೀರಿಸಿದ ಸಾಲ ಇನ್ನೂ ಚಾಲ್ತಿಯಲ್ಲಿದೆ ಎಂದು ಕಾಣುವುದು, ಅದೇ ಹೆಸರಿನ ಬೇರೊಬ್ಬರ ಸಾಲ ಸೇರಿಕೊಂಡಿರುವುದು, ನೀವು ಕೇಳಿಯೇ ಇಲ್ಲದ ಆ್ಯಪ್ ಸಾಲ: ಇವು ಅಪರೂಪವಲ್ಲ. ವರದಿ ಕೊಟ್ಟ ಕಂಪನಿಯ ವೆಬ್‌ಸೈಟಿನಲ್ಲೇ ತಕರಾರು ಹಾಕಬಹುದು, ಅದಕ್ಕೆ ದುಡ್ಡಿಲ್ಲ. ಸಾಲ ಕೊಟ್ಟ ಬ್ಯಾಂಕಿಗೂ ಇಮೇಲ್ ಕಳಿಸಿ, ರಸೀದಿ ಲಗತ್ತಿಸಿ. ದೂರು 30 ದಿನದೊಳಗೆ ಇತ್ಯರ್ಥ ಆಗಬೇಕು. ತಡವಾದರೆ ದಿನಕ್ಕೆ ₹100ರಂತೆ ಪರಿಹಾರ ಕೊಡಬೇಕು ಎಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆಗಲೂ ಆಗದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್ ದೂರು ಕೊಡಬಹುದು. ಮಾಹಿತಿಗೆ ಸಹಾಯವಾಣಿ 14448 ಇದೆ.

ಇಲ್ಲೇ ಒಂದು ಎಚ್ಚರಿಕೆ. ‘ಐದು ಸಾವಿರ ಕೊಡಿ, ತಿಂಗಳಲ್ಲಿ ಸಿಬಿಲ್ 750 ಮಾಡಿಸ್ತೀವಿ’ ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ನಿಜವಾದ ಬಾಕಿಯನ್ನು ವರದಿಯಿಂದ ಅಳಿಸಲು ಯಾರಿಗೂ ಆಗುವುದಿಲ್ಲ. ಸುಳ್ಳು ಬಾಕಿಯನ್ನು ನೀವೇ ಬಿಟ್ಟಿಯಾಗಿ ಅಳಿಸಬಹುದು. ಮತ್ತೆ ಅವರಿಗೆ ಕೊಡುವುದು ಯಾತಕ್ಕೆ?

ಮೂರನೇ ಹೆಜ್ಜೆ: ಹಳೆ ಬಾಕಿ, ಸೆಟಲ್‌ಮೆಂಟ್ ಬಲೆ

ಈ ಹೆಜ್ಜೆಯಲ್ಲಿ ಅವಸರ ಮಾಡಿದವರು ಆಮೇಲೆ ಜಾಸ್ತಿ ಕಷ್ಟಪಡುತ್ತಾರೆ. ಹಳೇ ಕಾರ್ಡಿನ ಬಾಕಿ ₹80,000 ಇದೆ ಎಂದುಕೊಳ್ಳಿ. ರಿಕವರಿ ಏಜೆಂಟ್ ಫೋನ್ ಮಾಡಿ ‘ಸರ್, ಮೂವತ್ತು ಸಾವಿರ ಕಟ್ಟಿ, ಮುಗಿಸಿಬಿಡೋಣ’ ಎನ್ನುತ್ತಾರೆ. ಒಳ್ಳೆಯ ವ್ಯಾಪಾರದಂತೆ ಕಾಣುತ್ತದೆ, ಅಲ್ವಾ? ಕಟ್ಟಿದ ಮೇಲೆ ವರದಿಯಲ್ಲಿ ಬರುವುದು ‘ಸೆಟಲ್ಡ್’. ಪೂರ್ತಿ ಕೊಡಲಿಲ್ಲ, ಬ್ಯಾಂಕ್ ನಷ್ಟ ಮಾಡಿಕೊಂಡಿತು ಎಂದು ಮುಂದಿನ ಬ್ಯಾಂಕ್ ಓದಿಕೊಳ್ಳುತ್ತದೆ. ಆ ಸಾಲು ವರ್ಷಗಟ್ಟಲೆ ಉಳಿಯುತ್ತದೆ.

ಬೇರೆ ಯಾವ ದಾರಿಯೂ ಇಲ್ಲದವರಿಗೆ ಸೆಟಲ್‌ಮೆಂಟ್ ಸರಿ. ಮುಂದಿನ ವರ್ಷವೇ ಲಕ್ಷಗಟ್ಟಲೆ ಶಿಕ್ಷಣ ಸಾಲ ಕೇಳುವವರಿಗೆ ಅಲ್ಲ. ಏಜೆಂಟ್ ಜೊತೆ ಮಾತು ಬೇಡ. ನೇರವಾಗಿ ಬ್ರಾಂಚಿಗೋ ಗ್ರಾಹಕ ಸೇವೆಗೋ ಹೋಗಿ, ಹೀಗೆ ಕೇಳಿ: ‘ಸರ್, ನನಗೆ ಸೆಟಲ್‌ಮೆಂಟ್ ಬೇಡ. ಅಸಲು ಪೂರ್ತಿ ಕೊಡ್ತೀನಿ. ದಂಡದ ಶುಲ್ಕದಲ್ಲಿ ಏನಾದರೂ ಬಿಡೋದಿದ್ರೆ ಬಿಡಿ, ಆದರೆ ಕ್ಲೋಸ್ಡ್ ಅಂತಲೇ ವರದಿ ಮಾಡ್ತೀವಿ ಅಂತ ಬರೆದುಕೊಡಿ.’ ಕೆಲವರು ಒಪ್ಪುತ್ತಾರೆ, ಕಂತಿನಲ್ಲಿ ಕಟ್ಟಲೂ ಬಿಡುತ್ತಾರೆ. ಬರಹದಲ್ಲಿ ಬಂದ ಮೇಲೆ ದುಡ್ಡು ಕಟ್ಟಿ. ಏಜೆಂಟ್ ಕೈಗೆ ನಗದು ಕೊಡಬೇಡಿ, ಯುಪಿಐ ನಂಬರಿಗೂ ಹಾಕಬೇಡಿ. ಸಾಲದ ಖಾತೆಗೇ ಹೋಗಬೇಕು. ಕಟ್ಟಿದ ಮೇಲೆ ಬಾಕಿ ಇಲ್ಲ ಎಂಬ ನೋ ಡ್ಯೂ ಸರ್ಟಿಫಿಕೇಟ್ ಪಡೆದು, ಫೋಟೊ ತೆಗೆದಿಡಿ.

ಹಿಂದೆಂದೋ ಸೆಟಲ್ ಮಾಡಿಕೊಂಡಿದ್ದೀರಾ? ಬಿಟ್ಟುಕೊಟ್ಟಿದ್ದ ಮೊತ್ತವನ್ನು ಈಗ ಕಟ್ಟಿ, ಕ್ಲೋಸ್ಡ್ ಎಂದು ಬದಲಿಸಿಕೊಳ್ಳಲು ಹಲವು ಬ್ಯಾಂಕುಗಳು ಅವಕಾಶ ಕೊಡುತ್ತವೆ. ಕೇಳಿ ನೋಡಿ.

ದುಡ್ಡು ಎಲ್ಲಿಂದ ತರುವುದು? ಕಾರ್ಡಿನ ಬಡ್ಡಿ ತಿಂಗಳಿಗೆ ಶೇ 3.5 ಎಂದಿಟ್ಟುಕೊಳ್ಳಿ. ₹60,000 ಬಾಕಿಗೆ ತಿಂಗಳ ಬಡ್ಡಿ ₹2,100, ಅದರ ಮೇಲೆ ಶೇ 18 ಜಿಎಸ್‌ಟಿ ಎಂದರೆ ಇನ್ನೂ ₹378. ನೀವು ₹3,000 ಕಟ್ಟಿದರೆ ಅಸಲಿಗೆ ಹೋಗುವುದು ಬರೀ ₹522. ಮಿನಿಮಮ್ ಡ್ಯೂ ಕಟ್ಟುತ್ತಾ ಹೋದವರ ಬಾಕಿ ವರ್ಷವಾದರೂ ಕರಗದಿರುವುದು ಇದಕ್ಕೇ. ಮನೆಯಲ್ಲಿ ಚಿನ್ನ ಇದ್ದರೆ ಬ್ಯಾಂಕಿನಲ್ಲಿ ಅಡವಿಟ್ಟು ಕಾರ್ಡ್ ತೀರಿಸುವುದು ನನ್ನ ಪ್ರಕಾರ ಬುದ್ಧಿವಂತಿಕೆ. ಬ್ಯಾಂಕಿನ ಚಿನ್ನದ ಸಾಲಕ್ಕೆ ಬಡ್ಡಿ ಕಾರ್ಡಿಗಿಂತ ಎಷ್ಟೋ ಕಡಿಮೆ. ಒಂದೇ ಷರತ್ತು: ಕೆಲಸ ಬಿಡುವ ಮೊದಲು ಅದನ್ನು ಬಿಡಿಸಿಕೊಳ್ಳಬೇಕು. ಅಮ್ಮನ ಸರ ಹರಾಜಿಗೆ ಬಂದರೆ ಎಂಬಿಎ ಕ್ಲಾಸಿನಲ್ಲಿ ಕೂರಲು ಮನಸ್ಸಾಗುವುದಿಲ್ಲ. ಚೀಟಿ ಎತ್ತಿದ ದುಡ್ಡೂ ಆದೀತು. ಆದರೆ ಒಂದು ಆ್ಯಪ್ ಸಾಲ ತೀರಿಸಲು ಇನ್ನೊಂದು ಆ್ಯಪ್ ಸಾಲ ಬೇಡವೇ ಬೇಡ.

ನಾಲ್ಕನೇ ಹೆಜ್ಜೆ: ಹೊಸ ದಾಖಲೆ ಕಟ್ಟಿ

ಬಾಕಿ ಮುಗಿದರೆ ಅರ್ಧ ಕೆಲಸ ಆಯಿತು. ಸರಿಯಾಗಿ ಕಟ್ಟುತ್ತಿದ್ದೀರಿ ಎಂಬ ಸಾಕ್ಷಿಯೂ ಬೇಕು. ಕಾರ್ಡ್ ಕೊಡಲು ಯಾರೂ ಒಪ್ಪದಿದ್ದರೆ ₹15,000-20,000 ಎಫ್‌ಡಿ ಇಟ್ಟು, ಅದರ ಮೇಲೆ ಕಾರ್ಡ್ ಪಡೆಯಬಹುದು. ಹಲವು ಬ್ಯಾಂಕುಗಳು ಕೊಡುತ್ತವೆ. ಅದರಲ್ಲಿ ಮೊಬೈಲ್ ರೀಚಾರ್ಜ್, ಕರೆಂಟ್ ಬಿಲ್ ಮಾತ್ರ ಕಟ್ಟಿ. ಮಿತಿಯ ಶೇ 30ರೊಳಗೆ ಬಳಸಿ, ತಿಂಗಳಿಗೆ ಪೂರ್ತಿ ತೀರಿಸಿ. ಕೊನೇ ದಿನ ಮರೆತುಹೋದರೆ ಗಾಬರಿ ಬೇಡ. ಗಡುವು ದಾಟಿ ಮೂರು ದಿನಕ್ಕಿಂತ ಹೆಚ್ಚು ಆದರೆ ಮಾತ್ರ ತಡ ಎಂದು ವರದಿ ಮಾಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಅದನ್ನೇ ರೂಢಿ ಮಾಡಿಕೊಳ್ಳಬೇಡಿ, ಅಷ್ಟೇ.

2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ 15 ದಿನಕ್ಕೊಮ್ಮೆಯಾದರೂ ಈ ಕಂಪನಿಗಳಿಗೆ ಮಾಹಿತಿ ಕಳಿಸಬೇಕು. ಮೊದಲು ಇದು ತಿಂಗಳಿಗೊಮ್ಮೆ ಇತ್ತು. ಆದ್ದರಿಂದ ನೀವು ಇವತ್ತು ತೀರಿಸಿದ್ದು ಬೇಗ ಕಾಣುತ್ತದೆ. ತಪ್ಪಿಸಿದ್ದೂ ಅಷ್ಟೇ ಬೇಗ ಕಾಣುತ್ತದೆ.

ಈ ಅವಧಿಯಲ್ಲಿ ನಾಲ್ಕೈದು ಕಡೆ ಸಾಲಕ್ಕೆ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಯೂ ವರದಿಯಲ್ಲಿ ಗುರುತಾಗುತ್ತದೆ. ‘ನಿಮಗೆ ಎಷ್ಟು ಸಾಲ ಸಿಗುತ್ತೆ ನೋಡಿ’ ಎನ್ನುವ ಬಟನ್ ಒತ್ತುವುದೂ ಕೆಲವೊಮ್ಮೆ ಅರ್ಜಿಯೇ ಆಗಿರುತ್ತದೆ.

ಐದನೇ ಹೆಜ್ಜೆ: ಸಂಬಳ ನಿಂತ ಮೇಲೆ ಏನು ಉಳಿಯುತ್ತದೆ?

ಸಿಬಿಲ್ ಬಗ್ಗೆ ಬರೆಯುವವರು ಇದನ್ನು ಹೇಳುವುದು ಕಡಿಮೆ. ಓದುವಾಗ ಶಿಕ್ಷಣ ಸಾಲದ ಕಂತಿಗೆ ವಿರಾಮ ಇರುತ್ತದೆ: ಕೋರ್ಸ್ ಮುಗಿಯುವವರೆಗೆ, ಆಮೇಲೆ ಒಂದು ವರ್ಷ. ಬೈಕ್ ಲೋನಿಗೆ, ಪರ್ಸನಲ್ ಲೋನಿಗೆ ಅಂಥ ವಿರಾಮ ಇಲ್ಲ. ವರ್ಷವಿಡೀ ಕಷ್ಟಪಟ್ಟು ಸರಿಮಾಡಿದ ದಾಖಲೆ ಎರಡನೇ ಸೆಮಿಸ್ಟರಿನಲ್ಲಿ ಮತ್ತೆ ಕೆಡುವುದು ಇಲ್ಲಿಂದ.

ಒಂದು ಲೆಕ್ಕ ಮಾಡೋಣ. ಬೈಕಿಗೆ ತಿಂಗಳಿಗೆ ₹3,400, ಇನ್ನೂ 10 ಕಂತು. ಪರ್ಸನಲ್ ಲೋನಿಗೆ ₹6,200, ಇನ್ನೂ 30 ಕಂತು. ಇವತ್ತೇ ಕೆಲಸ ಬಿಟ್ಟು ಎರಡು ವರ್ಷದ ಕೋರ್ಸ್ ಸೇರಿದರೆ ಓದುವಾಗ ಕಟ್ಟಬೇಕಾದದ್ದು ₹34,000 ಮತ್ತು ₹1,48,800, ಒಟ್ಟು ₹1,82,800. ಒಂದು ವರ್ಷ ಕಾದು ಸೇರಿದರೆ ಬೈಕ್ ಮುಗಿದಿರುತ್ತದೆ, ಪರ್ಸನಲ್ ಲೋನಿನ 18 ಕಂತು, ಅಂದರೆ ₹1,11,600 ಉಳಿಯುತ್ತದೆ. ಮುಂಚಿತವಾಗಿ ತೀರಿಸಿದರೆ ಇನ್ನೂ ಕಡಿಮೆ, ಆದರೆ ಅದಕ್ಕೆ ಶುಲ್ಕ ಎಷ್ಟು ಎಂದು ಮೊದಲು ಕೇಳಿ. ಉಳಿದ ಕಂತಿನ ದುಡ್ಡು ಬೇರೆ ಖಾತೆಯಲ್ಲಿ ಕೂಡುವವರೆಗೆ ರಾಜೀನಾಮೆ ಕೊಡಬೇಡಿ. ಅದಾಗದಿದ್ದರೆ ಕೆಲಸ ಬಿಡದೆ ಓದುವ ದಾರಿ ನೋಡಿ. ಸಂಜೆ ಕಾಲೇಜುಗಳಿವೆ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯ, ಇಗ್ನೋ ಇವೆ. ಅವುಗಳ ಶುಲ್ಕವನ್ನು ಸಂಬಳದಲ್ಲೇ ಕಟ್ಟಬಹುದು. ಸಾಲದ ಮಾತೇ ಬರುವುದಿಲ್ಲ.

ಬಳಸದ ಕಾರ್ಡುಗಳನ್ನೂ ಈಗಲೇ ನೋಡಿಕೊಳ್ಳಿ. ಹಳೆಯದೊಂದು ಇರಲಿ, ಅದರ ವಯಸ್ಸು ನಿಮಗೆ ಒಳ್ಳೆಯದು. ವಾರ್ಷಿಕ ಶುಲ್ಕ ಇರುವ ಉಳಿದವನ್ನು ಮುಚ್ಚಿಸಿ. ಬಾಕಿ ಇಲ್ಲದ ಕಾರ್ಡನ್ನು ಕೇಳಿದ ಏಳು ಕೆಲಸದ ದಿನದೊಳಗೆ ಮುಚ್ಚದಿದ್ದರೆ ಬ್ಯಾಂಕ್ ನಿಮಗೆ ದಿನಕ್ಕೆ ₹500 ಕೊಡಬೇಕು.

ಆರನೇ ಹೆಜ್ಜೆ: ಶಿಕ್ಷಣ ಸಾಲ ಕೇಳುವಾಗ

ಸಾಲದಲ್ಲಿ ನಿಮ್ಮ ಜೊತೆ ಅಪ್ಪನೋ ಅಮ್ಮನೋ, ಮದುವೆಯಾಗಿದ್ದರೆ ಗಂಡನೋ ಹೆಂಡತಿಯೋ ಸಹ ಸಾಲಗಾರರಾಗಿ ಸೇರುತ್ತಾರೆ. ಬ್ಯಾಂಕ್ ಅವರ ವರದಿಯನ್ನೂ ತೆಗೆಯುತ್ತದೆ. ಆದ್ದರಿಂದ ಮೊದಲ ಹೆಜ್ಜೆಯನ್ನು ಅವರಿಗೂ ಮಾಡಿಸಿ. ಅಪ್ಪನಿಗೆ ‘ನಿಮ್ಮ ಸಾಲ ತೋರಿಸಿ’ ಎಂದು ಕೇಳುವುದು ಮುಜುಗರವೇ. ಮ್ಯಾನೇಜರ್ ಎದುರು ಗೊತ್ತಾಗುವುದು ಅದಕ್ಕಿಂತ ಮುಜುಗರ.

ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ₹7.5 ಲಕ್ಷದವರೆಗೆ ಆಸ್ತಿ ಅಡಮಾನ ಕೇಳುವುದಿಲ್ಲ, ₹4 ಲಕ್ಷದವರೆಗೆ ನಿಮ್ಮ ಪಾಲಿನ ದುಡ್ಡನ್ನೂ ಕೇಳುವುದಿಲ್ಲ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಇನ್ನೂ ಅನುಕೂಲ. ಪಟ್ಟಿಯಲ್ಲಿರುವ ಸಂಸ್ಥೆಗಳಲ್ಲಿ ಮೆರಿಟ್ ಮೇಲೆ ಸೀಟು ಸಿಕ್ಕವರಿಗೆ ಅಡಮಾನ, ಜಾಮೀನು ಎರಡೂ ಬೇಡ. ಕುಟುಂಬದ ಆದಾಯ ವರ್ಷಕ್ಕೆ ₹8 ಲಕ್ಷದೊಳಗಿದ್ದರೆ ₹10 ಲಕ್ಷದವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ನೆರವೂ ಉಂಟು. ಆದರೆ ಅದು ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ ಮಾತ್ರ. ಕಾಲೇಜು ಆರಿಸುವಾಗಲೇ ಆ ಪಟ್ಟಿ ನೋಡಿಕೊಳ್ಳಿ. ಆಪ್ಷನ್ ಎಂಟ್ರಿ ಮಾಡುವಾಗ ಇದು ಕೆಲಸಕ್ಕೆ ಬರುತ್ತದೆ.

ಸ್ಕೋರ್ ಕಡಿಮೆ ಎಂಬ ಒಂದೇ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದು ಎಂದು ಕೇರಳ ಹೈಕೋರ್ಟ್ 2023ರಲ್ಲಿ ಒಂದು ಪ್ರಕರಣದಲ್ಲಿ ಹೇಳಿತ್ತು. ತಿರಸ್ಕಾರ ಬಂದರೆ ಕಾರಣವನ್ನು ಬರಹದಲ್ಲಿ ಕೇಳಿ, ಮೇಲಿನ ಕಚೇರಿಗೆ ಬರೆಯುವಾಗ ಇದನ್ನು ಹೇಳಿ. ಕೋರ್ಟನ್ನೇ ನಂಬಿ ಕೂರಬೇಡಿ. ಶುಲ್ಕದ ಕೊನೇ ದಿನ ಯಾರಿಗೂ ಕಾಯುವುದಿಲ್ಲ.

ಅರ್ಜಿಯ ಜೊತೆ ಒಂದು ಪುಟದ ಪತ್ರ ಇಡಿ. ಯಾವ ಸಾಲ ಯಾವಾಗ ತಪ್ಪಿತು, ಯಾಕೆ, ಯಾವಾಗ ತೀರಿಸಿದಿರಿ, ಅಂದಿನಿಂದ ಎಷ್ಟು ತಿಂಗಳು ಸರಿಯಾಗಿ ಕಟ್ಟಿದ್ದೀರಿ. ನೋ ಡ್ಯೂ ಪ್ರತಿ ಲಗತ್ತಿಸಿ. ವರದಿ ತೆಗೆದು ಅವರೇ ಕೇಳುವ ಮೊದಲು ನೀವೇ ಹೇಳಿದರೆ ಮಾತಿನ ಧಾಟಿ ಬದಲಾಗುತ್ತದೆ.

ಬ್ಯಾಂಕ್ ನೌಕರಿಯ ಆಸೆಯಿಂದ ಓದುವವರಿಗೆ ಒಂದು ಮಾತು: ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್‌ನ ಅಧಿಸೂಚನೆಗಳಲ್ಲಿ ಅಭ್ಯರ್ಥಿಯ ಸಾಲದ ದಾಖಲೆ ಚೆನ್ನಾಗಿರಬೇಕು ಎಂಬ ಷರತ್ತೇ ಇದೆ.

ಕೆಲಸ ಬಿಡುವ ವಾರ

ಸಾಲ ಮಂಜೂರಾಯಿತು, ರಾಜೀನಾಮೆ ಕೊಟ್ಟಾಯಿತು. ಈ ವಾರ ಮೂರು ಸಣ್ಣ ಕೆಲಸ ಮುಗಿಸಿ. ಬ್ಯಾಂಕಿಗೆ ಕೊಟ್ಟಿರುವ ಇಮೇಲ್ ಕಂಪನಿಯದ್ದಾದರೆ ನಿಮ್ಮ ಸ್ವಂತದ್ದಕ್ಕೆ ಬದಲಿಸಿ, ಇಲ್ಲವಾದರೆ ನೋಟಿಸುಗಳು ಮುಚ್ಚಿದ ಪೆಟ್ಟಿಗೆಗೆ ಹೋಗುತ್ತವೆ. ಸಂಬಳ ಬರುವುದು ನಿಂತ ಮೇಲೆ ಸ್ಯಾಲರಿ ಖಾತೆ ಸಾಮಾನ್ಯ ಉಳಿತಾಯ ಖಾತೆಯಾಗುತ್ತದೆ. ಕನಿಷ್ಠ ಬ್ಯಾಲೆನ್ಸ್ ಇಡಬೇಕೇ ಎಂದು ಕೇಳಿಕೊಳ್ಳಿ. ಕೊನೆಯದಾಗಿ, ಆ ಖಾತೆಯಿಂದ ತಾನಾಗಿ ಕಡಿತವಾಗುವ ಕಂತು, ಓಟಿಟಿ, ವಿಮೆ ಎಲ್ಲದರ ಪಟ್ಟಿ ತೆಗೆದು, ಬೇಡದ್ದನ್ನು ನಿಲ್ಲಿಸಿ, ಬೇಕಾದ ಕಡಿತಗಳನ್ನು ಕಂತಿನ ದುಡ್ಡು ಕೂಡಿಟ್ಟ ಖಾತೆಗೆ ಬದಲಿಸಿ.