ಫಾರ್ಮ್ಯಾಟ್‌ಗೆ ಮುನ್ನ ಪ್ರಾಡಕ್ಟ್ ಕೀ ಹುಡುಕಿಡಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿಕೊಳ್ಳಲು ಹೊರಟವರು ಈಗ ಹೆಚ್ಚು. ಡೇಟಾ ಬ್ಯಾಕಪ್ ಮಾಡಿಕೊಳ್ಳುವುದನ್ನು ಯಾರೂ ಮರೆಯುವುದಿಲ್ಲ. ಆದರೆ ವಿಂಡೋಸ್ ಅಸಲಿ ಎಂದು ದೃಢಪಡಿಸುವ 25 ಅಕ್ಷರಗಳ ಪ್ರಾಡಕ್ಟ್ ಕೀ ನೆನಪಾಗುವುದು ಡಿಸ್ಕ್ ಅಳಿಸಿದ ಮೇಲೆಯೇ.

ನನಗೂ ಹಾಗೇ ಆಗಿತ್ತು. ವಿಂಡೋಸ್ 7 ಇದ್ದ ಲ್ಯಾಪ್‌ಟಾಪ್ ಅದು. ಕೀ ಹುಡುಕುವ ಪುಟ್ಟ ತಂತ್ರಾಂಶವೊಂದು ತೋರಿಸಿದ ಸಂಖ್ಯೆಯನ್ನು ಬರೆದಿಟ್ಟುಕೊಂಡು ಧೈರ್ಯವಾಗಿ ಎಲ್ಲ ಅಳಿಸಿದೆ. ಮತ್ತೆ ವಿಂಡೋಸ್ ಹಾಕಿದಾಗ ಆ ಕೀ ನಡೆಯಲಿಲ್ಲ. ಲ್ಯಾಪ್‌ಟಾಪ್ ತಿರುಗಿಸಿ ನೋಡಿದರೆ ಕೀ ಮುದ್ರಿಸಿದ್ದ ತಳದ ಸ್ಟಿಕರ್ ಸವೆದು ಅರ್ಧ ಅಕ್ಷರಗಳೇ ಮಾಯ. ನಾನು ಬರೆದಿಟ್ಟದ್ದು ಸರಿಯಾದ ಕೀಯೇ, ಆದರೆ ನನ್ನದಲ್ಲ ಎಂದು ತಿಳಿಯಲು ಎರಡು ದಿನ ಹಿಡಿಯಿತು. ಅದಕ್ಕೇ ಹೇಳುತ್ತೇನೆ: ಕೀ ಹುಡುಕುವುದು ಎರಡನೆಯ ಕೆಲಸ. ನಿಮ್ಮ ಲೈಸೆನ್ಸ್ ಯಾವ ಬಗೆಯದು ಎಂದು ತಿಳಿಯುವುದು ಮೊದಲನೆಯದು. ಹಳೆಯ ವಿಂಡೋಸ್ ಇನ್ನೂ ತೆರೆದುಕೊಳ್ಳುತ್ತಿರುವಾಗಲೇ ಎರಡೂ ಆಗಬೇಕು.

ಹಂತ 1: ಲೈಸೆನ್ಸ್ ಯಾವ ಬಗೆಯದು?

ಸೆಟ್ಟಿಂಗ್ಸ್‌ಗೆ ಹೋಗಿ. ವಿಂಡೋಸ್ 11ರಲ್ಲಿ ‘ಸಿಸ್ಟಮ್’ ಅಡಿಯಲ್ಲಿ, ವಿಂಡೋಸ್ 10ರಲ್ಲಿ ‘ಅಪ್‌ಡೇಟ್ ಆ್ಯಂಡ್ ಸೆಕ್ಯುರಿಟಿ’ ಅಡಿಯಲ್ಲಿ ‘ಆಕ್ಟಿವೇಷನ್’ ಇರುತ್ತದೆ. ಅಲ್ಲಿ ‘ಡಿಜಿಟಲ್ ಲೈಸೆನ್ಸ್’ ಮೂಲಕ ಆಕ್ಟಿವೇಟ್ ಆಗಿದೆ ಎಂದು ಬರೆದಿದ್ದರೆ ನಿಮ್ಮ ಕೆಲಸ ಬಹುಪಾಲು ಮುಗಿದಂತೆ. ವಿಂಡೋಸ್ 10 ಬಂದ 2015ರಿಂದ ಈ ಪದ್ಧತಿ ಇದೆ. ನಿಮ್ಮ ಯಂತ್ರದ ಗುರುತನ್ನೇ ಮೈಕ್ರೋಸಾಫ್ಟ್ ತನ್ನ ಸರ್ವರ್‌ನಲ್ಲಿ ದಾಖಲಿಸಿಕೊಂಡಿರುತ್ತದೆ. ಮರುಸ್ಥಾಪನೆಯ ವೇಳೆ ಕೀ ಕೇಳಿದಾಗ ‘ನನ್ನ ಬಳಿ ಪ್ರಾಡಕ್ಟ್ ಕೀ ಇಲ್ಲ’ ಎಂಬುದನ್ನು ಒತ್ತಿ ಮುಂದೆ ಹೋಗಿ. ಇಂಟರ್ನೆಟ್ ಸಿಕ್ಕ ಮೇಲೆ ಅದೇ ಆಕ್ಟಿವೇಟ್ ಆಗುತ್ತದೆ.

ಷರತ್ತು ಒಂದೇ: ಮೊದಲಿದ್ದ ಆವೃತ್ತಿಯನ್ನೇ ಹಾಕಬೇಕು. ಹೋಮ್ ಇದ್ದಲ್ಲಿ ಹೋಮ್, ಪ್ರೊ ಇದ್ದಲ್ಲಿ ಪ್ರೊ. ಮದರ್‌ಬೋರ್ಡ್ ಕೂಡ ಬದಲಿಸುವ ಯೋಚನೆ ಇದ್ದರೆ, ಅದಕ್ಕೂ ಮೊದಲೇ ನಿಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ವಿಂಡೋಸ್‌ಗೆ ಲಾಗಿನ್ ಆಗಿ ಲೈಸೆನ್ಸನ್ನು ಖಾತೆಗೆ ಜೋಡಿಸಿಡಿ.

ಇನ್ನಷ್ಟು ವಿವರ ಬೇಕಿದ್ದರೆ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಇಂಗ್ಲಿಷ್ ಅಕ್ಷರಗಳಲ್ಲಿ ಎಸ್, ಎಲ್, ಎಂ, ಜಿ, ಆರ್ ಎಂದು ಸೇರಿಸಿ ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ, ಅದಕ್ಕೆ ಅಂಟಿಸಿ ಡಿ, ಎಲ್, ಐ ಬರೆದು ಎಂಟರ್ ಒತ್ತಿ. ಕೆಲವು ಕ್ಷಣಗಳಲ್ಲಿ ಪುಟ್ಟ ಕಿಟಕಿ ತೆರೆಯುತ್ತದೆ. ಅದರಲ್ಲಿ ‘ರೀಟೇಲ್’ ಎಂದಿದ್ದರೆ ಸಾಮಾನ್ಯವಾಗಿ ನೀವೇ ಪ್ರತ್ಯೇಕವಾಗಿ ಕೊಂಡದ್ದು, ಬೇರೆ ಯಂತ್ರಕ್ಕೂ ಒಯ್ಯಬಹುದು. ‘ಓಇಎಂ’ ಎಂದಿದ್ದರೆ ಯಂತ್ರದ ಜೊತೆಗೇ ಬಂದದ್ದು, ಅದನ್ನು ಬಿಟ್ಟು ಕದಲುವುದಿಲ್ಲ. ‘ವಾಲ್ಯೂಮ್’ ಎಂದಿದ್ದರೆ ಅದು ಸಂಸ್ಥೆಯದು. ಫಾರ್ಮ್ಯಾಟ್ ಮಾಡುವ ಮುನ್ನ ಅಲ್ಲಿನ ಐಟಿ ವಿಭಾಗವನ್ನು ಕೇಳಿ. ಬಳಕೆಯಲ್ಲಿರುವ ಕೀಯ ಕೊನೆಯ ಐದು ಅಕ್ಷರಗಳೂ ಅದೇ ಕಿಟಕಿಯಲ್ಲಿವೆ. ಬರೆದಿಟ್ಟುಕೊಳ್ಳಿ, ಮುಂದೆ ತಾಳೆ ನೋಡಲು ಬೇಕು.

ಹಂತ 2: ಮದರ್‌ಬೋರ್ಡ್‌ನೊಳಗಿನ ಕೀ

ವಿಂಡೋಸ್ 8 ಬಂದ 2012ರಿಂದ ತಯಾರಕರು ಕೀಯನ್ನು ಮದರ್‌ಬೋರ್ಡ್‌ನ ಫರ್ಮ್‌ವೇರ್‌ನಲ್ಲೇ, ಅಂದರೆ ಅದರೊಳಗೇ ಕೂತ ಮೂಲ ತಂತ್ರಾಂಶದಲ್ಲೇ, ಬರೆದಿಡುತ್ತಾರೆ. ಡಿಸ್ಕ್ ಅಳಿಸಿದರೂ, ಬದಲಿಸಿದರೂ ಅದು ಅಲ್ಲೇ ಇರುತ್ತದೆ. ನೋಡಲು ಪವರ್‌ಶೆಲ್ ತೆರೆದು ಇಂಗ್ಲಿಷ್‌ನಲ್ಲಿ ಹೀಗೆ ಬರೆಯಿರಿ: ಆವರಣ ತೆರೆದು ‘ಗೆಟ್’, ಅಡ್ಡಗೆರೆ, ‘ಸಿಮ್‌ಇನ್‌ಸ್ಟನ್ಸ್’ (ಇದರ ಮೊದಲಕ್ಷರ ಇಂಗ್ಲಿಷ್‌ನ ಸಿ, ಎಸ್ ಅಲ್ಲ), ಒಂದು ಜಾಗ ಬಿಟ್ಟು ‘ಸಾಫ್ಟ್‌ವೇರ್‌ಲೈಸೆನ್ಸಿಂಗ್‌ಸರ್ವಿಸ್’ ಎಂದು ಒಂದೇ ಪದವಾಗಿ, ಆವರಣ ಮುಚ್ಚಿ ಚುಕ್ಕಿ ಇಟ್ಟು ‘ಓಎ3ಎಕ್ಸ್‌ಒರಿಜಿನಲ್‌ಪ್ರಾಡಕ್ಟ್‌ಕೀ’. ದೊಡ್ಡಕ್ಷರ ಸಣ್ಣಕ್ಷರದ ಭೇದವಿಲ್ಲ. 25 ಅಕ್ಷರಗಳು ಕಂಡರೆ ಬರೆದುಕೊಳ್ಳಿ. ಖಾಲಿ ಸಾಲು ಬಂದರೆ ಫರ್ಮ್‌ವೇರ್‌ನಲ್ಲಿ ಕೀ ಇಲ್ಲವೆಂದರ್ಥ.

ಹೋಮ್‌ನಿಂದ ಪ್ರೊಗೆ ಏರಿದವರು ಇಲ್ಲೊಂದು ಎಚ್ಚರ ವಹಿಸಬೇಕು. ಫರ್ಮ್‌ವೇರ್‌ನಲ್ಲಿರುವುದು ಹೋಮ್‌ನ ಕೀ. ಮರುಸ್ಥಾಪನೆ ಅದನ್ನು ತಾನೇ ಓದಿ, ಕೇಳದೆಯೇ ಹೋಮ್ ಹಾಕಿಬಿಡುವುದುಂಟು. ಪ್ರೊ ಕೀಯನ್ನು ಬೇರೆಯಾಗಿ ಎತ್ತಿಟ್ಟುಕೊಂಡಿರಿ.

ಹಂತ 3: ರಿಜಿಸ್ಟ್ರಿಯಲ್ಲಿ ಕಾಣುವ ಕೀ ನಿಮ್ಮದೇ?

ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ದಾಖಲೆಕೋಶವೇ ರಿಜಿಸ್ಟ್ರಿ. ರಿಜಿಸ್ಟ್ರಿ ಎಡಿಟರ್‌ನಲ್ಲಿ ‘ಲೋಕಲ್ ಮಷೀನ್’, ‘ಸಾಫ್ಟ್‌ವೇರ್’, ‘ಮೈಕ್ರೋಸಾಫ್ಟ್’, ‘ವಿಂಡೋಸ್ ಎನ್‌ಟಿ’, ‘ಕರೆಂಟ್ ವರ್ಷನ್’, ‘ಸಾಫ್ಟ್‌ವೇರ್ ಪ್ರೊಟೆಕ್ಷನ್ ಪ್ಲಾಟ್‌ಫಾರ್ಮ್’ ಎಂದು ಒಂದೊಂದಾಗಿ ತೆರೆಯುತ್ತ ಹೋದರೆ ‘ಬ್ಯಾಕಪ್ ಪ್ರಾಡಕ್ಟ್ ಕೀ ಡಿಫಾಲ್ಟ್’ ಎಂಬುದರ ಮುಂದೆ ಒಂದು ಕೀ ಕಾಣಬಹುದು. ಏನನ್ನೂ ತಿದ್ದಬೇಡಿ, ಓದಿಕೊಂಡು ಮುಚ್ಚಿ. ಪ್ರೊಡ್ಯುಕೀ, ಶೋಕೀಪ್ಲಸ್‌ನಂಥ ಉಚಿತ ತಂತ್ರಾಂಶಗಳೂ ರಿಜಿಸ್ಟ್ರಿಯನ್ನು ಓದಿ ಕೀ ತೋರಿಸುತ್ತವೆ. ಅವನ್ನು ತಯಾರಿಸಿದವರ ತಾಣದಿಂದಷ್ಟೇ ಇಳಿಸಿಕೊಳ್ಳಿ. ಕೀ ಓದುವ ತಂತ್ರಾಂಶವನ್ನು ಕಂಡು ಆ್ಯಂಟಿವೈರಸ್ ಕೂಗುವುದು ಸಾಮಾನ್ಯ.

ನಾನು ಮುಗ್ಗರಿಸಿದ್ದು ಇಲ್ಲಿಯೇ. ದೊಡ್ಡ ಕಂಪನಿಗಳ ವಿಂಡೋಸ್ 7 ಯಂತ್ರಗಳಲ್ಲಿ ರಿಜಿಸ್ಟ್ರಿಯಲ್ಲಿರುವುದು ಆ ತಯಾರಕರ ಎಲ್ಲ ಯಂತ್ರಗಳಿಗೂ ಸೇರಿದ ಸಾಮಾನ್ಯ ಕೀ. ನಿಮ್ಮ ಹೆಸರಿಗೆಂದು ಕೊಟ್ಟದ್ದು ಸ್ಟಿಕರ್ ಮೇಲಿನದು. ಡಿಜಿಟಲ್ ಲೈಸೆನ್ಸ್ ಇರುವ ಹೊಸ ವಿಂಡೋಸ್‌ಗಳಲ್ಲೂ ಇಂಥ ಸಾರ್ವತ್ರಿಕ ಕೀಗಳಿವೆ: ಹೋಮ್‌ನದು 8, ಎಚ್, ವಿ, ಎಕ್ಸ್, 7 ಎಂದೂ, ಪ್ರೊದ್ದು 3, ವಿ, 6, 6, ಟಿ ಎಂದೂ ಮುಗಿಯುತ್ತದೆ. ಅವು ಕಂಡರೆ ಬರೆದಿಟ್ಟು ಪ್ರಯೋಜನವಿಲ್ಲ. ಬೇರೆ ಯಾವುದು ಕಂಡರೂ ಮೊದಲ ಹಂತದಲ್ಲಿ ಬರೆದಿಟ್ಟ ಐದು ಅಕ್ಷರಗಳಿಗೆ ತಾಳೆ ನೋಡಿ.

ಸವೆದ ಸ್ಟಿಕರ್ ಓದುವುದು

ಇದೊಂದು ಗುಟ್ಟು ಅಂದು ಗೊತ್ತಿದ್ದರೆ ನನ್ನ ಎರಡು ದಿನ ಉಳಿಯುತ್ತಿತ್ತು. ವಿಂಡೋಸ್ 7ರವರೆಗಿನ ಕೀಗಳಲ್ಲಿ ಬಳಸುವುದು 24 ಚಿಹ್ನೆಗಳನ್ನು ಮಾತ್ರ. ಅಕ್ಷರಗಳೆಂದರೆ ಬಿ, ಸಿ, ಡಿ, ಎಫ್, ಜಿ, ಎಚ್, ಜೆ, ಕೆ, ಎಂ, ಪಿ, ಕ್ಯೂ, ಆರ್, ಟಿ, ವಿ, ಡಬ್ಲ್ಯು, ಎಕ್ಸ್, ವೈ. ಅಂಕಿಗಳೆಂದರೆ 2, 3, 4, 6, 7, 8, 9. ಇಂಗ್ಲಿಷ್‌ನ ಸ್ವರಾಕ್ಷರಗಳಿಲ್ಲ, ಎಲ್, ಎನ್, ಎಸ್, ಝಡ್ ಇಲ್ಲ, 0, 1, 5 ಇಲ್ಲ. ಸೊನ್ನೆಯಂತೆ ಕಂಡದ್ದು ಕ್ಯೂ ಅಥವಾ ಡಿ ಇರಬೇಕು. ಝಡ್‌ನಂತಿದ್ದರೆ ಅದು 2. ಎನ್‌ನಂತೆ ಕಂಡರೆ ಎಂ ಅಥವಾ ಎಚ್. 5ರಂತೆ ಕಂಡರೆ 6 ಅಥವಾ 8 ಹಾಕಿ ನೋಡಿ. ಬಿ ಮತ್ತು 8, ಜಿ ಮತ್ತು 6 ಮಾತ್ರ ಎರಡೂ ಇರುವುದರಿಂದ ಅಲ್ಲಿ ಗೊಂದಲ ತಪ್ಪದು. ಫೋನ್ ಟಾರ್ಚನ್ನು ಓರೆಯಾಗಿ ಹಿಡಿದು ಫೋಟೊ ತೆಗೆದು, ಹಿಗ್ಗಿಸಿ ನೋಡಿ. ಬರಿಗಣ್ಣಿಗೆ ಕಾಣದ್ದೂ ಕಾಣುತ್ತದೆ. ವಿಂಡೋಸ್ 8 ಮತ್ತು ನಂತರದ ಕೀಗಳಲ್ಲಿ ಎನ್ ಕೂಡ ಬರುತ್ತದೆ.

ಆದರೆ ವಿಂಡೋಸ್ 7ರ ಕೀಯಿಂದ 10 ಅಥವಾ 11ನ್ನು ಹೊಸದಾಗಿ ಆಕ್ಟಿವೇಟ್ ಮಾಡುವ ದಾರಿಯನ್ನು ಮೈಕ್ರೋಸಾಫ್ಟ್ 2023ರಲ್ಲಿ ಮುಚ್ಚಿದೆ. ಹಿಂದೆಯೇ ಮೇಲ್ದರ್ಜೆಗೇರಿದ ಯಂತ್ರಗಳ ಡಿಜಿಟಲ್ ಲೈಸೆನ್ಸ್‌ಗೆ ಧಕ್ಕೆಯಿಲ್ಲ.

ಯಂತ್ರ ಆನ್ ಆದರೂ ವಿಂಡೋಸ್ ತೆರೆಯದಿದ್ದರೆ

ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೂ ಫರ್ಮ್‌ವೇರ್‌ನ ಕೀ ಓದಬಹುದು. ‘ಸಿಸ್’, ‘ಫರ್ಮ್‌ವೇರ್’, ‘ಎಸಿಪಿಐ’, ‘ಟೇಬಲ್ಸ್’ ಫೋಲ್ಡರ್‌ಗಳ ಒಳಗೆ ‘ಎಂಎಸ್‌ಡಿಎಂ’ ಎಂಬ ಕಡತವಿರುತ್ತದೆ, ಕೀ ಅದರ ಕೊನೆಯಲ್ಲಿರುತ್ತದೆ. ರಿಜಿಸ್ಟ್ರಿಯ ಕೀ ಬೇಕೆಂದರೆ ಡಿಸ್ಕನ್ನು ಇನ್ನೊಂದು ಕಂಪ್ಯೂಟರ್‌ಗೆ ಜೋಡಿಸಿ, ಪ್ರೊಡ್ಯುಕೀಗೆ ಆ ಡಿಸ್ಕ್‌ನ ವಿಂಡೋಸ್ ಫೋಲ್ಡರನ್ನು ತೋರಿಸಿ. ಫಾರ್ಮ್ಯಾಟ್ ಮಾಡದೆ ಮೇಲೆಯೇ ಹೊಸ ವಿಂಡೋಸ್ ಹಾಕಿದ್ದರೆ ‘ವಿಂಡೋಸ್ ಡಾಟ್ ಓಲ್ಡ್’ ಫೋಲ್ಡರ್‌ನಿಂದಲೂ ಇದು ಸಾಧ್ಯ. ಆದರೆ ಅದು ಹೆಚ್ಚು ದಿನ ಉಳಿಯದು, ತಡಮಾಡಬೇಡಿ.

ಜೊತೆಗೆ ಇನ್ನೆರಡು

ಆಫೀಸ್ 2010ರವರೆಗಿನ ಕೀಯನ್ನು ಇದೇ ತಂತ್ರಾಂಶಗಳು ಹೊರತೆಗೆಯುತ್ತವೆ. 2013ರಿಂದೀಚೆಗೆ ಕಂಪ್ಯೂಟರ್‌ನಲ್ಲಿ ಉಳಿಯುವುದು ಕೊನೆಯ ಐದು ಅಕ್ಷರ ಮಾತ್ರ. ಕೊಂಡಾಗ ಬಂದ ಇಮೇಲ್, ಪೆಟ್ಟಿಗೆಯೊಳಗಿನ ಕಾರ್ಡ್ ಅಥವಾ ಮೈಕ್ರೋಸಾಫ್ಟ್ ಖಾತೆಯಲ್ಲೇ ಹುಡುಕಬೇಕು.

ಡ್ರೈವ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯವಾದ ಬಿಟ್‌ಲಾಕರ್‌ನ ರಿಕವರಿ ಕೀಯನ್ನು ಪ್ರಾಡಕ್ಟ್ ಕೀ ಎಂದು ಭಾವಿಸಿ ಕೈಬಿಡಬೇಡಿ. ಅದು 48 ಅಂಕಿಗಳದು. ಸಿ ಡ್ರೈವ್ ಮಾತ್ರ ಅಳಿಸಿ ಡಿ ಡ್ರೈವ್‌ನ ಫೋಟೊ, ದಾಖಲೆಗಳನ್ನು ಉಳಿಸಿಕೊಳ್ಳುವ ಯೋಚನೆ ಇದ್ದು, ಡಿ ಡ್ರೈವ್‌ಗೂ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ, ಆ 48 ಅಂಕಿಗಳೋ ನೀವೇ ಇಟ್ಟ ಪಾಸ್‌ವರ್ಡೋ ಇಲ್ಲದೆ ಮತ್ತೆ ತೆರೆಯಲಾರಿರಿ. ವಿಂಡೋಸ್ ಕಳೆದರೆ ಮತ್ತೆ ಕೊಳ್ಳಬಹುದು, ಆ ಫೋಟೊಗಳನ್ನಲ್ಲ. ಮೈಕ್ರೋಸಾಫ್ಟ್ ಖಾತೆಯಲ್ಲಿ ರಿಕವರಿ ಕೀ ದಾಖಲಾಗಿದೆಯೇ ನೋಡಿ, ಕಾಗದದ ಮೇಲೂ ಬರೆದಿಡಿ. ಆಮೇಲಷ್ಟೇ ಫಾರ್ಮ್ಯಾಟ್ ಒತ್ತಿ.